ಪ್ರಾರ್ಥನೆ ಮಾಡಿಯೇ ಯುದ್ಧಕ್ಕೆ ಹೋದವರು: ಬುಷ್, ಬ್ಲೇರ್ ಮತ್ತು ಇರಾಕ್

ಪ್ರಶ್ನೆ: ಸರ್, ನಮ್ಮ ಚರ್ಚಿನ ಯುವಜನ ಕೂಟದಲ್ಲಿ ಒಂದು ಮಾತು ಬಂದು ಜೋರು ವಾಗ್ವಾದವೇ ಆಯಿತು. ಆಗ ಅಮೆರಿಕದ ಅಧ್ಯಕ್ಷರಾಗಿದ್ದ ಜಾರ್ಜ್ ಬುಷ್ ಬೈಬಲ್ ಓದುವವರು, ಬ್ರಿಟನ್ ಪ್ರಧಾನಿಯಾಗಿದ್ದ ಟೋನಿ ಬ್ಲೇರ್ ತಪ್ಪದೆ ಚರ್ಚಿಗೆ ಹೋಗುವವರು. ಇಬ್ಬರೂ ಸೇರಿ 2003ರಲ್ಲಿ ಇರಾಕ್ ಮೇಲೆ ಯುದ್ಧ ಮಾಡಿದರು. ‘ವೈರಿಯನ್ನು ಪ್ರೀತಿಸಿ ಎಂದ ಯೇಸುವನ್ನು ನಂಬುವವರು ಬಾಂಬ್ ಹಾಕೋಕೆ ಆಗಲ್ಲ, ಅವರ ಭಕ್ತಿ ಬರೀ ನಾಟಕ’ ಎಂದು ಒಬ್ಬರು ಹೇಳಿದರು. ‘ಅಧಿಕಾರಿಯ ಕೈಗೆ ಕತ್ತಿ ಕೊಟ್ಟವನೇ ದೇವರು ಅಂತ ಪೌಲನೇ ಬರೆದಿದ್ದಾನಲ್ಲ’ ಎಂದು ಇನ್ನೊಬ್ಬರು ಹೇಳಿದರು. ಯಾರ ಮಾತು ಸರಿ?

ಉತ್ತರ: ‘ನಾಟಕ’ ಅನ್ನುವ ಮಾತನ್ನು ಮೊದಲು ಬದಿಗಿಡೋಣ. ಇನ್ನೊಬ್ಬರ ಎದೆಯೊಳಗಿನ ಭಕ್ತಿಯನ್ನು ಅಳೆಯುವುದು ನಮ್ಮ ಕೆಲಸ ಅಲ್ಲ. ಈ ಇಬ್ಬರ ವಿಷಯದಲ್ಲಂತೂ ಹೊರಗೆ ಗೊತ್ತಿರುವುದೆಲ್ಲ ನಾಟಕ ಅಲ್ಲ ಅಂತಲೇ ಹೇಳುತ್ತದೆ. ಬುಷ್ 1986ರಲ್ಲಿ, ನಲವತ್ತು ತುಂಬಿದ ಹೊತ್ತಿಗೆ, ಕುಡಿತ ಬಿಟ್ಟರು. ಅದಕ್ಕೆ ನಂಬಿಕೆ ಬಲ ಕೊಟ್ಟಿತು ಎಂದು ಅವರೇ ಹೇಳಿದ್ದಾರೆ. 1999ರ ಡಿಸೆಂಬರ್‌ನಲ್ಲಿ ಅಯೋವಾದ ಚುನಾವಣಾ ಚರ್ಚೆಯಲ್ಲಿ ‘ನಿಮ್ಮ ಮೆಚ್ಚಿನ ರಾಜಕೀಯ ಚಿಂತಕ ಯಾರು’ ಎಂದು ಕೇಳಿದಾಗ ಅವರು ಹೇಳಿದ ಹೆಸರು ಕ್ರಿಸ್ತ. ನನ್ನ ಹೃದಯ ಬದಲಾಯಿಸಿದವನು ಆತ ಎಂದರು. ಬ್ಲೇರ್ ಆಂಗ್ಲಿಕನ್ ಆಗಿದ್ದರೂ ಕ್ಯಾಥೋಲಿಕ್ ಹೆಂಡತಿ ಮಕ್ಕಳ ಜೊತೆ ಪೂಜೆಗೆ ಹೋಗುತ್ತಿದ್ದರು, ಪ್ರಧಾನಿ ಹುದ್ದೆ ಬಿಟ್ಟ ಮೇಲೆ 2007ರ ಡಿಸೆಂಬರ್‌ನಲ್ಲಿ ಕ್ಯಾಥೋಲಿಕ್ ಸಭೆಗೇ ಸೇರಿದರು. ಬ್ರಿಟನ್‌ನಲ್ಲಿ ದೇವರ ಮಾತಾಡಿದರೆ ಓಟು ಬರುವುದಿಲ್ಲ, ಅದು ಅವರ ಸಲಹೆಗಾರರಿಗೂ ಗೊತ್ತಿತ್ತು, ಅದಕ್ಕೇ ಆ ವಿಷಯ ಎತ್ತದಂತೆ ನೋಡಿಕೊಳ್ಳುತ್ತಿದ್ದರು. ಓಟಿಗಾಗಿ ಮಾಡಿದ ಭಕ್ತಿ ಆಗಿದ್ದರೆ ಹಾಗೆ ಮುಚ್ಚಿಡುತ್ತಿರಲಿಲ್ಲ ಅಲ್ವಾ?

ಭಕ್ತಿ ನಿಜ ಅಂತ ಒಪ್ಪಿಕೊಂಡರೆ ಪ್ರಶ್ನೆ ಇನ್ನೂ ಬಿಗಿಯಾಗುತ್ತದೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನ ಸಭೆಗಳು, ಅಂದರೆ ಕ್ಯಾಥೋಲಿಕರು, ಆಂಗ್ಲಿಕನ್ನರು, ಲೂಥರನ್ನರು, ಕೆಲವು ಸಂದರ್ಭಗಳಲ್ಲಿ ಮಾತ್ರ ಯುದ್ಧವನ್ನು ಒಪ್ಪುತ್ತವೆ, ಅದೂ ತೀರಾ ಬಿಗಿಯಾದ ಷರತ್ತುಗಳ ಮೇಲೆ. ಇರಾಕ್ ಯುದ್ಧ ಆ ಷರತ್ತುಗಳಿಗೆ ಹೊಂದುತ್ತಿರಲಿಲ್ಲ. ಇದು ಆಮೇಲೆ ಗೊತ್ತಾದದ್ದಲ್ಲ. ಯುದ್ಧ ಶುರುವಾಗುವ ಮೊದಲೇ ಅವರವರ ಸಭೆಗಳ ಹಿರಿಯರೇ ಎದುರಿಗೆ ನಿಂತು ಹೇಳಿದ್ದರು. ಇಬ್ಬರೂ ಕೇಳಲಿಲ್ಲ. ನಂಬಿಕೆಗೂ ಯುದ್ಧಕ್ಕೂ ಹೊಂದಾಣಿಕೆ ಇದೆಯಾ ಎಂದು ನೋಡಬೇಕಾದದ್ದು ಇಲ್ಲೇ ಅಂತ ನನ್ನ ಅಭಿಪ್ರಾಯ. ನಾಯಕ ಎಷ್ಟು ಪ್ರಾರ್ಥನೆ ಮಾಡಿದ ಅನ್ನುವುದಕ್ಕಿಂತ, ಆ ನಂಬಿಕೆಗೆ ಅವನನ್ನು ತಡೆದು ನಿಲ್ಲಿಸಲು ಆಗುತ್ತಿತ್ತಾ ಅನ್ನುವುದೇ ಮುಖ್ಯ.

ಇನ್ನು ಬೈಬಲ್. ನಿಮ್ಮ ಇಬ್ಬರು ಗೆಳೆಯರು ಹೇಳಿದ ವಚನಗಳೂ ಅಲ್ಲಿವೆ. ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದಲ್ಲಿ ವೈರಿಗಳನ್ನು ಪ್ರೀತಿಸಿರಿ ಅನ್ನುವ ಮಾತಿದೆ. 26ರಲ್ಲಿ ಪೇತ್ರನ ಕತ್ತಿಯನ್ನು ಯೇಸುವೇ ಒರೆಗೆ ಹಾಕಿಸುತ್ತಾನೆ. ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯದಲ್ಲಿ ಅಧಿಕಾರಿ ಸುಮ್ನೆ ಕತ್ತಿ ಹಿಡಿದಿಲ್ಲ, ಕೆಟ್ಟದ್ದು ಮಾಡುವವನಿಗೆ ದಂಡನೆ ಕೊಡುವ ದೇವರ ಸೇವಕ ಅವನು ಎಂದು ಪೌಲ ಬರೆಯುತ್ತಾನೆ. ಆದರೆ 13ನ್ನು ಮಾತ್ರ ಓದುವವರಿಗೆ ನಾನು ಯಾವಾಗಲೂ ಹೇಳುವುದು ಒಂದೇ: 12ರ ಕೊನೆಯಿಂದ ಓದಿ. ಪೌಲ ಅಧ್ಯಾಯ ಬಿಡಿಸಿ ಬರೆಯಲಿಲ್ಲ, ಆ ವಿಂಗಡಣೆ ನೂರಾರು ವರ್ಷಗಳ ನಂತರ ಬಂದದ್ದು. ಅಲ್ಲಿ ಅವನು ಹೇಳುವುದು: ಕೆಟ್ಟದ್ದಕ್ಕೆ ಕೆಟ್ಟದ್ದು ಮಾಡಬೇಡಿ, ಮುಯ್ಯಿ ತೀರಿಸುವುದನ್ನು ದೇವರಿಗೆ ಬಿಡಿ, ವೈರಿ ಹಸಿದಿದ್ದರೆ ಊಟ ಹಾಕಿ. ಅದೇ ಉಸಿರಿನಲ್ಲಿ ಅಧಿಕಾರಿಯ ಮಾತು ಬರುತ್ತದೆ. ಅದೂ ತೆರಿಗೆ ಕೊಡಿ, ತಲೆ ಬಾಗಿ ನಡೆಯಿರಿ ಎಂದು ಪ್ರಜೆಗಳಿಗೆ ಹೇಳುವ ಮಾತು. ಬೇರೆ ದೇಶದ ಮೇಲೆ ದಂಡೆತ್ತಿ ಹೋಗಲು ರಾಜನಿಗೆ ಕೊಟ್ಟ ಪರವಾನಗಿ ಅದರಲ್ಲಿ ನನಗೆ ಕಾಣಿಸಿಲ್ಲ.

ಮೊದಲ ಮುನ್ನೂರು ವರ್ಷ ಸಭೆಯ ಬರಹಗಾರರಲ್ಲಿ ಹೆಚ್ಚಿನವರು ಸೈನಿಕ ವೃತ್ತಿಯನ್ನೇ ಅನುಮಾನದಿಂದ ನೋಡುತ್ತಿದ್ದರು. ಪೇತ್ರನ ಕತ್ತಿ ಕೆಳಗಿಡಿಸಿದಾಗಲೇ ಕ್ರಿಸ್ತ ಎಲ್ಲ ಸೈನಿಕರ ಕತ್ತಿಯನ್ನೂ ಬಿಚ್ಚಿಸಿದ ಎಂದು ತೆರ್ತುಲ್ಲಿಯನ್ ಬರೆದ. 295ರಲ್ಲಿ ಉತ್ತರ ಆಫ್ರಿಕಾದ ತೆಬೆಸ್ಸಾದಲ್ಲಿ ಮ್ಯಾಕ್ಸಿಮಿಲಿಯನ್ ಎಂಬ 21 ವರ್ಷದ ಹುಡುಗ, ನಾನು ಕ್ರೈಸ್ತ, ಸೇನೆಗೆ ಸೇರಲಾರೆ ಎಂದು ಅಧಿಕಾರಿಯ ಎದುರೇ ಹೇಳಿ ತಲೆ ಕೊಟ್ಟ. ಅದೇ ಕಾಲದಲ್ಲಿ ಸೇನೆಯಲ್ಲಿ ಕ್ರೈಸ್ತರೂ ಇದ್ದರು, ಇದನ್ನೂ ಮರೆಮಾಚಬಾರದು. ಆಮೇಲೆ ಕ್ರೈಸ್ತರ ಪರ ನಿಂತ ಚಕ್ರವರ್ತಿ ಕಾನ್‌ಸ್ಟಂಟೈನ್ ಬಂದ, 312ರಲ್ಲಿ ರೋಮ್ ಗೆದ್ದ. ಅಲ್ಲಿಂದ ಮುಂದೆ ಕತ್ತಿ ಹಿಡಿದವನೇ ಚರ್ಚಿನೊಳಗೆ ಬಂದು ಕೂರತೊಡಗಿದ. ಅವನಿಗೆ ಏನು ಹೇಳಬೇಕು?

ಇದಕ್ಕೆ ಮಿಲಾನಿನ ಬಿಷಪ್ ಆಂಬ್ರೋಸ್ ಮತ್ತು ಅವನಿಂದ ದೀಕ್ಷಾಸ್ನಾನ ಪಡೆದ ಅಗಸ್ಟೀನ್ ದಾರಿ ಹುಡುಕಿದರು. ತಪ್ಪಿಲ್ಲದವರನ್ನು ಕಾಪಾಡಲು ಬೇರೆ ದಾರಿಯೇ ಇಲ್ಲದಾಗ ಯುದ್ಧ ಮಾಡಬಹುದು, ಆದರೆ ಅಂಥ ಯುದ್ಧವೂ ಅಳಬೇಕಾದ ವಿಷಯವೇ ಎಂದ ಅಗಸ್ಟೀನ್. 13ನೇ ಶತಮಾನದಲ್ಲಿ ತೋಮಸ್ ಅಕ್ವಿನಾಸ್ ಅದನ್ನು ಮೂರು ಪ್ರಶ್ನೆಗಳಿಗೆ ಇಳಿಸಿದ: ಯುದ್ಧ ಸಾರುವವನಿಗೆ ಅಧಿಕಾರ ಇದೆಯಾ, ಕಾರಣ ನ್ಯಾಯವಾದದ್ದಾ, ಉದ್ದೇಶ ಶುದ್ಧವಾ? ಈಗ ಕ್ಯಾಥೋಲಿಕ್ ಸಭೆಯ ಧರ್ಮೋಪದೇಶ ಗ್ರಂಥದ 2309ನೇ ಪರಿಚ್ಛೇದದಲ್ಲಿ ನಾಲ್ಕು ಷರತ್ತುಗಳಿವೆ. ಆಕ್ರಮಣದಿಂದ ಆಗುವ ಹಾನಿ ದೊಡ್ಡದೂ ಖಚಿತವೂ ಬಹುಕಾಲ ಉಳಿಯುವಂಥದ್ದೂ ಆಗಿರಬೇಕು, ಉಳಿದ ದಾರಿಗಳೆಲ್ಲ ಮುಗಿದಿರಬೇಕು, ಗೆಲ್ಲುವ ನಿಜವಾದ ಸಾಧ್ಯತೆ ಇರಬೇಕು, ತೆಗೆಯಲು ಹೊರಟ ಕೇಡಿಗಿಂತ ದೊಡ್ಡ ಕೇಡನ್ನು ಯುದ್ಧವೇ ತರಬಾರದು.

ಆಂಬ್ರೋಸನ ಬಗ್ಗೆ ಇನ್ನೊಂದು ವಿಷಯ ಹೇಳಲೇಬೇಕು. 390ರಲ್ಲಿ ಥೆಸಲೊನೀಕದಲ್ಲಿ ಗಲಭೆಯಾಗಿ ಸೇನಾಧಿಕಾರಿಯೊಬ್ಬ ಸತ್ತ. ಸಿಟ್ಟಿಗೆದ್ದ ಚಕ್ರವರ್ತಿ ಥಿಯೋಡೋಸಿಯಸ್ ಊರಿನ ಜನರ ಮೇಲೆ ಸೈನಿಕರನ್ನು ಬಿಟ್ಟ. ಸಾವಿರಾರು ಜನ ಸತ್ತರು ಎಂದು ಹಳೆಯ ಬರಹಗಳು ಹೇಳುತ್ತವೆ. ಆಂಬ್ರೋಸ್ ಚಕ್ರವರ್ತಿಗೆ ತನ್ನ ಕೈಯಾರೆ ಪತ್ರ ಬರೆದ. ನೀನು ಇದ್ದರೆ ನಾನು ಬಲಿಪೂಜೆ ಅರ್ಪಿಸಲಾರೆ, ದಾವೀದನ ಹಾಗೆ ಪಾಪ ಒಪ್ಪಿಕೋ ಅನ್ನುವುದು ಅದರ ಸಾರ. ರೋಮ್ ಸಾಮ್ರಾಜ್ಯದ ಒಡೆಯ ಜನರ ಎದುರೇ ಪಶ್ಚಾತ್ತಾಪ ಪಟ್ಟು ಮತ್ತೆ ಸಭೆಗೆ ಸೇರಿದ. ಥಿಯೋಡೋಸಿಯಸ್ ಸಂತ ಅಲ್ಲ, ಆಂಬ್ರೋಸನೂ ಎಲ್ಲ ವಿಷಯದಲ್ಲಿ ನ್ಯಾಯವಂತ ಆಗಿರಲಿಲ್ಲ. ಆದರೂ ‘ಬೇಡ’ ಅನ್ನುವ ಒಂದು ದನಿ ಅಧಿಕಾರಕ್ಕೆ ತಾಗಿತು. ನಾನು ತಡೆಯುವ ನಂಬಿಕೆ ಅಂದದ್ದು ಇದನ್ನೇ.

ಈಗ 2003ಕ್ಕೆ ಬನ್ನಿ, ಒಂದೊಂದೇ ಷರತ್ತನ್ನು ಇರಾಕಿಗೆ ಇಟ್ಟು ನೋಡೋಣ. ಸದ್ದಾಂ ಹುಸೇನ್ ಕ್ರೂರಿ, ಅದರಲ್ಲಿ ಎರಡು ಮಾತಿಲ್ಲ. 1988ರಲ್ಲಿ ಹಲಬ್ಜಾದಲ್ಲಿ ಕುರ್ದರ ಮೇಲೆ ವಿಷಾನಿಲ ಬಿಟ್ಟವನು. ಆದರೆ 2003ರಲ್ಲಿ ಅವನು ಯಾರ ಮೇಲೂ ದಾಳಿ ಮಾಡುತ್ತಿರಲಿಲ್ಲ. ಅವನ ಬಳಿ ಸಾಮೂಹಿಕ ವಿನಾಶದ ಅಸ್ತ್ರಗಳಿವೆ, ಮುಂದೆ ಬಳಸಬಹುದು ಅನ್ನುವುದೇ ಕಾರಣವಾಗಿತ್ತು. ಅಂದರೆ ‘ಖಚಿತ’ ಅನ್ನುವ ಷರತ್ತಿನಲ್ಲೇ ಎಡವಿದ ಹಾಗಾಯಿತು. ಬೇರೆ ದಾರಿ ಮುಗಿದಿತ್ತಾ? ವಿಶ್ವಸಂಸ್ಥೆಯ ತಪಾಸಣೆಗಾರರು 2002ರ ನವೆಂಬರ್ ಕೊನೆಯಿಂದ ಇರಾಕಿನೊಳಗೇ ಓಡಾಡುತ್ತಿದ್ದರು. 2003ರ ಮಾರ್ಚ್ 7ರಂದು ಅವರ ಮುಖ್ಯಸ್ಥ ಹ್ಯಾನ್ಸ್ ಬ್ಲಿಕ್ಸ್ ಭದ್ರತಾ ಮಂಡಳಿಯಲ್ಲಿ, ಉಳಿದ ಕೆಲಸಕ್ಕೆ ವರ್ಷಗಳು ಬೇಡ, ವಾರಗಳು ಸಾಲವು, ತಿಂಗಳುಗಳು ಬೇಕು ಎಂದರು. ಅವರಿಗೆ ಸಿಕ್ಕಿದ್ದು ಎರಡು ವಾರವೂ ಇಲ್ಲ. ಯುದ್ಧಕ್ಕೆ ದಾರಿ ಮಾಡಿಕೊಡುವ ಎರಡನೇ ನಿರ್ಣಯಕ್ಕೆ ಭದ್ರತಾ ಮಂಡಳಿಯಲ್ಲಿ ಬೆಂಬಲ ಸಿಗುವುದಿಲ್ಲ ಎಂದು ಗೊತ್ತಾಗಿ ಅಮೆರಿಕ, ಬ್ರಿಟನ್ 17ರಂದು ಅದನ್ನು ಕೈಬಿಟ್ಟವು, ಮೂರೇ ದಿನದಲ್ಲಿ ಬಾಗ್ದಾದಿನ ಮೇಲೆ ಬಾಂಬ್ ಬಿತ್ತು. ಬ್ರಿಟನ್ ಸರ್ಕಾರವೇ ನೇಮಿಸಿದ ಚಿಲ್ಕಾಟ್ ಸಮಿತಿ 2016ರ ಜುಲೈನಲ್ಲಿ ವರದಿ ಕೊಟ್ಟಾಗ, ಶಾಂತಿಯ ದಾರಿಗಳು ಮುಗಿದಿರಲಿಲ್ಲ, ಆ ಹೊತ್ತಿಗೆ ಯುದ್ಧ ಕೊನೆಯ ದಾರಿ ಆಗಿರಲಿಲ್ಲ ಎಂದು ನೇರವಾಗಿ ಹೇಳಿತು. ಅಸ್ತ್ರಗಳಂತೂ ಸಿಗಲೇ ಇಲ್ಲ.

ಸಭೆಗಳು ಆಗ ಸುಮ್ಮನಿದ್ದವಾ? ಇಲ್ಲ. ಜನವರಿ 13ರಂದು ಪೋಪ್ ಎರಡನೇ ಜಾನ್ ಪಾಲ್ ರಾಜತಾಂತ್ರಿಕರ ಮುಂದೆ ‘ಯುದ್ಧ ಬೇಡ’ ಎಂದರು, ಅದು ಯಾವಾಗಲೂ ಮನುಕುಲದ ಸೋಲು ಎಂದರು. ಫೆಬ್ರವರಿ 20ರಂದು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ರೋವನ್ ವಿಲಿಯಮ್ಸ್ ಮತ್ತು ಇಂಗ್ಲೆಂಡಿನ ಕ್ಯಾಥೋಲಿಕ್ ಕಾರ್ಡಿನಲ್ ಮರ್ಫಿ ಓಕಾನರ್ ಒಟ್ಟಿಗೇ ಹೇಳಿಕೆ ಕೊಟ್ಟು, ಈ ಯುದ್ಧ ನೈತಿಕವಾಗಿ ಸರಿಯಾ ಅನ್ನುವ ಅನುಮಾನ ಇನ್ನೂ ಉಳಿದಿದೆ ಎಂದರು. ಅದಾಗಿ ಎರಡೇ ದಿನಕ್ಕೆ ಬ್ಲೇರ್ ವ್ಯಾಟಿಕನ್‌ನಲ್ಲಿ ಪೋಪ್ ಮುಂದೆ ಕೂತಿದ್ದರು. ಬುಷ್ ಮೆಥಡಿಸ್ಟ್. ಅದೇ ಸಭೆಯ ಬಿಷಪ್ ಮೆಲ್ವಿನ್ ಟಾಲ್ಬರ್ಟ್ ಟಿವಿ ಜಾಹೀರಾತಿನಲ್ಲೇ ಬಂದು, ಈ ಯುದ್ಧ ದೇವರ ನಿಯಮಕ್ಕೂ ಯೇಸುವಿನ ಬೋಧನೆಗೂ ವಿರುದ್ಧ ಎಂದರು. ಭಾನುವಾರ ಶಾಲೆಯಲ್ಲಿ ಬೈಬಲ್ ಕಲಿಸುತ್ತಿದ್ದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಮಾರ್ಚ್ 9ರ ಪತ್ರಿಕೆಯಲ್ಲಿ ಇದೇ ಷರತ್ತುಗಳನ್ನು ಒಂದೊಂದಾಗಿ ಇಟ್ಟು, ಇದು ನ್ಯಾಯಯುದ್ಧ ಆಗುವುದಿಲ್ಲ ಎಂದು ಬರೆದರು.

ಎಲ್ಲಕ್ಕಿಂತ ನನ್ನ ಮನಸ್ಸಿಗೆ ನಾಟಿದ್ದು ಮಾರ್ಚ್ 5ರ ಭೇಟಿ. ಅದು ಬೂದಿ ಬುಧವಾರ, ಹಣೆಗೆ ಬೂದಿ ಹಚ್ಚಿ ನೀನು ಮಣ್ಣು, ಮತ್ತೆ ಮಣ್ಣಿಗೇ ಸೇರುವೆ ಎಂದು ನೆನಪಿಸುವ ದಿನ. ಆ ವರ್ಷ ಅದನ್ನು ಶಾಂತಿಗಾಗಿ ಉಪವಾಸ ಮಾಡುವ ದಿನವಾಗಿ ಆಚರಿಸಲು ಪೋಪ್ ಕರೆ ಕೊಟ್ಟಿದ್ದರು. ಅವತ್ತೇ ಅವರ ಪತ್ರ ಹಿಡಿದು ಕಾರ್ಡಿನಲ್ ಪಿಯೋ ಲಾಗಿ ಶ್ವೇತಭವನಕ್ಕೆ ಹೋದರು. ಅಮೆರಿಕದಲ್ಲಿ ವ್ಯಾಟಿಕನ್ ರಾಯಭಾರಿಯಾಗಿದ್ದವರು, ಬುಷ್ ಕುಟುಂಬಕ್ಕೆ ಹಳೆಯ ಪರಿಚಯ. ಬುಷ್ ಕಿವಿಗೊಡಬಹುದು ಅಂತಲೇ ಅವರನ್ನು ಕಳಿಸಿದ್ದು. ಭೇಟಿ ಮುಗಿಸಿ ಬಂದ ಲಾಗಿ, ವಿಶ್ವಸಂಸ್ಥೆಯ ಒಪ್ಪಿಗೆ ಇಲ್ಲದ ಯುದ್ಧ ಅನ್ಯಾಯದ ಯುದ್ಧ ಎಂದು ಪತ್ರಕರ್ತರಿಗೆ ಹೇಳಿದರು. ನಿರ್ಧಾರ ಬದಲಾಗಲಿಲ್ಲ. ಆಗ ಇರಾಕಿನ ಉಪಪ್ರಧಾನಿ ತಾರಿಕ್ ಅಜೀಜ್ ಕೂಡ ಕ್ರೈಸ್ತ, ಕಲ್ದಾಯ ಕ್ಯಾಥೋಲಿಕ್. ಆತನೂ ಫೆಬ್ರವರಿಯಲ್ಲಿ ಪೋಪರನ್ನು ಕಂಡು, ಅಸಿಸ್ಸಿಗೆ ಹೋಗಿ ಸಂತ ಫ್ರಾನ್ಸಿಸರ ಸಮಾಧಿಯ ಬಳಿ ಪ್ರಾರ್ಥನೆ ಮಾಡಿ ಬಂದಿದ್ದ. ಆತ ದುಡಿಯುತ್ತಿದ್ದದ್ದೂ ಒಬ್ಬ ಸರ್ವಾಧಿಕಾರಿಗೆ. ಎರಡೂ ಕಡೆಯವರು ಅದೇ ಬೈಬಲ್ ಓದಿ ಅದೇ ದೇವರಿಗೆ ಪ್ರಾರ್ಥಿಸುತ್ತಾರೆ ಎಂದು 1865ರಲ್ಲಿ ಲಿಂಕನ್ ಅಮೆರಿಕದ ಅಂತರ್ಯುದ್ಧದ ಬಗ್ಗೆ ಹೇಳಿದ್ದು ಇಲ್ಲಿಗೂ ಹೊಂದುತ್ತದೆ. ಪ್ರಾರ್ಥನೆ ಮಾಡಿದ್ದೇನೆ ಅನ್ನುವುದನ್ನು ಪುರಾವೆಯಾಗಿ ನಾನು ಒಪ್ಪದಿರುವುದು ಇದಕ್ಕೇ.

ಬುಷ್ ಪರವಾಗಿ ಮಾತಾಡಿದ ಕ್ರೈಸ್ತರ ವಾದವನ್ನೂ ಸರಿಯಾಗಿ ಕೇಳಿಸಿಕೊಳ್ಳಬೇಕು. ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟ್ ಸಭೆಯ ನಾಯಕ ರಿಚರ್ಡ್ ಲ್ಯಾಂಡ್ 2002ರ ಅಕ್ಟೋಬರ್‌ನಲ್ಲೇ ಬುಷ್‌ಗೆ ಪತ್ರ ಬರೆದು ಇದು ನ್ಯಾಯಯುದ್ಧ ಎಂದಿದ್ದರು. ಕ್ಯಾಥೋಲಿಕ್ ಚಿಂತಕ ಮೈಕಲ್ ನೊವಾಕ್ ರೋಮ್‌ಗೇ ಹೋಗಿ ಅದೇ ವಾದ ಮಂಡಿಸಿದರು. ಅವರ ಕೈಯಲ್ಲಿ ಒಂದು ಗಟ್ಟಿ ಅಂಶ ಇತ್ತು: ಅದೇ 2309ನೇ ಪರಿಚ್ಛೇದದ ಕೊನೆಗೆ, ಷರತ್ತುಗಳು ಪೂರೈಸಿವೆಯಾ ಎಂದು ವಿವೇಕದಿಂದ ತೀರ್ಮಾನಿಸುವ ಹೊಣೆ ಜನಹಿತದ ಜವಾಬ್ದಾರಿ ಹೊತ್ತವರದ್ದು ಎಂದಿದೆ. ಅಂದರೆ ಬಿಷಪ್ಪರದ್ದಲ್ಲ, ಅಧ್ಯಕ್ಷರದ್ದು. ಗುಪ್ತಚರ ಮಾಹಿತಿ ಇರುವುದು ಅವರ ಮೇಜಿನ ಮೇಲೆ. ನಿಜ. ಆದರೆ ತೀರ್ಮಾನಿಸುವ ಹೊಣೆ ಕೊಟ್ಟ ಮಾತ್ರಕ್ಕೆ ತೀರ್ಮಾನ ಸರಿ ಅಂತಾಗುವುದಿಲ್ಲವಲ್ಲ. ವಿವೇಕ ಅಂದರೆ ತಿಂಗಳು ಕೊಡಿ ಎಂದು ಕೇಳುವವನಿಗೆ ತಿಂಗಳು ಕೊಡುವುದು, ಹಳೆಯ ಪರಿಚಯದವರು ಬಂದು ಬೇಡ ಅಂದಾಗ ಯಾಕೆ ಅಂತ ಯೋಚಿಸುವುದು. ಪತ್ರಕರ್ತರೊಬ್ಬರು ಯುದ್ಧಕ್ಕೆ ಮುಂಚೆ ತಂದೆಯ ಸಲಹೆ ಕೇಳಿದಿರಾ ಎಂದಾಗ, ನಾನು ಮೊರೆಹೋಗುವುದು ಅವರಿಗಿಂತ ಮೇಲಿನ ತಂದೆಗೆ ಅನ್ನುವ ಅರ್ಥದ ಮಾತನ್ನು ಬುಷ್ ಹೇಳಿದರು. ಬ್ಲೇರ್ 2006ರಲ್ಲಿ ಟಿವಿ ಸಂದರ್ಶನದಲ್ಲಿ, ದೇವರನ್ನು ನಂಬುವವನಿಗೆ ಕೊನೆಯ ತೀರ್ಪು ದೇವರದ್ದೂ ಹೌದು ಅನ್ನುವ ಅರ್ಥದಲ್ಲಿ ಮಾತಾಡಿದರು. ಎರಡೂ ಭಕ್ತರ ಮಾತೇ, ನನಗೆ ಅನುಮಾನ ಇಲ್ಲ. ಆದರೆ ಎರಡರಲ್ಲೂ ನೇರವಾಗಿ ದೇವರ ಹತ್ತಿರ ಹೋಗಿ, ನಡುವೆ ಇರುವ ಸಭೆಯನ್ನೂ ಸಂಪ್ರದಾಯವನ್ನೂ ಎದುರಿಗಿರುವ ಮನುಷ್ಯರನ್ನೂ ದಾಟಿಬಿಡುವ ಅಪಾಯ ಇದೆ. ದೇವರು ಎದುರು ಮಾತಾಡುವುದಿಲ್ಲ, ಕಾರ್ಡಿನಲ್ ಮಾತಾಡುತ್ತಾರೆ.

ಇದರ ಬೆಲೆ ತೆತ್ತವರಲ್ಲಿ ಇರಾಕಿನ ಕ್ರೈಸ್ತರೂ ಇದ್ದಾರೆ, ಇದನ್ನು ನಮ್ಮ ಸಭೆಗಳಲ್ಲಿ ಯಾರೂ ಹೇಳುವುದಿಲ್ಲ. 2003ಕ್ಕೆ ಮೊದಲು ಅಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಕ್ರೈಸ್ತರಿದ್ದರು ಎಂಬ ಅಂದಾಜಿದೆ. ಈಗ ಉಳಿದಿರುವುದು ಕೆಲವೇ ಲಕ್ಷ. 2008ರಲ್ಲಿ ಮೋಸುಲ್‌ನ ಆರ್ಚ್‌ಬಿಷಪ್ ಪೌಲೋಸ್ ಫರಾಜ್ ರಹ್ಹೋ ಅವರನ್ನು ಅಪಹರಿಸಿದರು. ಆಮೇಲೆ ಸಿಕ್ಕಿದ್ದು ಅವರ ಶವ. 2010ರ ಅಕ್ಟೋಬರ್ 31ರಂದು ಬಾಗ್ದಾದಿನ ಚರ್ಚೊಂದರಲ್ಲಿ ಸಂಜೆಯ ಪೂಜೆ ನಡೆಯುತ್ತಿರುವಾಗಲೇ ಬಂದೂಕುಧಾರಿಗಳು ನುಗ್ಗಿ, ಐವತ್ತಕ್ಕೂ ಹೆಚ್ಚು ಜನ ಸತ್ತರು. ಲಕ್ಷಾಂತರ ಮುಸ್ಲಿಮರು ಸತ್ತದ್ದಕ್ಕಿಂತ ಇದು ದೊಡ್ಡದು ಅಂತ ಹೇಳುತ್ತಿಲ್ಲ, ಖಂಡಿತ ಅಲ್ಲ. ‘ದೊಡ್ಡ ಕೇಡನ್ನು ಯುದ್ಧವೇ ತರಬಾರದು’ ಅನ್ನುವ ನಾಲ್ಕನೇ ಷರತ್ತು ಕಾಗದದ ಮೇಲಿನ ಮಾತಲ್ಲ ಅಂತ ತೋರಿಸುತ್ತಿದ್ದೇನೆ.

ಹಾಗಾದರೆ ಯುದ್ಧವೇ ಬೇಡ ಅನ್ನುವ ಕ್ರೈಸ್ತ ನಾಯಕರು? ಅವರೂ ಇದ್ದಾರೆ. ಇಂಗ್ಲೆಂಡಿನ ಸಂಸದ ಜಾನ್ ಬ್ರೈಟ್ ಯುದ್ಧವನ್ನು ಒಪ್ಪದ ಕ್ವೇಕರ್ ಎಂಬ ಕ್ರೈಸ್ತ ಪಂಥದವರು. ಕ್ರಿಮಿಯಾ ಯುದ್ಧವನ್ನು ವಿರೋಧಿಸಿ 1857ರಲ್ಲಿ ಮ್ಯಾಂಚೆಸ್ಟರ್ ಕ್ಷೇತ್ರ ಕಳೆದುಕೊಂಡರು. 1882ರ ಜುಲೈನಲ್ಲಿ ಬ್ರಿಟಿಷ್ ನೌಕಾಪಡೆ ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಮೇಲೆ ಗುಂಡಿನ ಮಳೆಗರೆದಾಗ ಪ್ರಧಾನಿ ಗ್ಲಾಡ್‌ಸ್ಟನ್ ಅವರ ಸಂಪುಟವನ್ನು ಬ್ರೈಟ್ ಬಿಟ್ಟು ಹೊರಬಂದರು. ಗ್ಲಾಡ್‌ಸ್ಟನ್ ಕೂಡ ಮಹಾ ದೈವಭಕ್ತ. ಒಂದೇ ಸಂಪುಟದ ಇಬ್ಬರು ಭಕ್ತರಲ್ಲಿ ಒಬ್ಬರು ದಾಳಿ ಮಾಡಿಸಿದರು, ಇನ್ನೊಬ್ಬರು ರಾಜೀನಾಮೆ ಕೊಟ್ಟರು. ಬ್ರೈಟ್ ಬಗ್ಗೆ ನನಗೆ ತುಂಬಾ ಗೌರವ. ಆದರೆ ಈ ದಾರಿಯಲ್ಲೂ ಕಷ್ಟ ಇದೆ. ಲೇಬರ್ ಪಕ್ಷದ ನಾಯಕ ಜಾರ್ಜ್ ಲ್ಯಾನ್ಸ್‌ಬರಿ ಅಪ್ಪಟ ಕ್ರೈಸ್ತ ಶಾಂತಿವಾದಿ. 1935ರಲ್ಲಿ ಮುಸೊಲಿನಿ ಅಬಿಸೀನಿಯಾ (ಇಂದಿನ ಇಥಿಯೋಪಿಯಾ) ನುಂಗಲು ಹೊರಟಾಗ, ಇಟಲಿ ಮೇಲೆ ದಿಗ್ಬಂಧನ ಹಾಕಿದರೆ ಅದು ಯುದ್ಧಕ್ಕೇ ಕೊಂಡೊಯ್ಯಬಹುದು ಎಂದು ವಿರೋಧಿಸಿ ಪಕ್ಷದ ನಾಯಕತ್ವ ಬಿಟ್ಟರು. 1937ರಲ್ಲಿ ಹಿಟ್ಲರನನ್ನೇ ಭೇಟಿಯಾಗಿ, ಈತ ಯುದ್ಧ ಬಯಸುವವನಲ್ಲ ಎಂದು ನಂಬಿ ವಾಪಸ್ಸಾದರು. ಒಳ್ಳೆಯ ಮನುಷ್ಯ, ಆದರೆ ಎದುರಿಗಿರುವವನು ಎಂಥವನು ಅಂತ ಗೊತ್ತಾಗಲಿಲ್ಲ. ಹಿಟ್ಲರನ ಸೇನೆ ಪೋಲೆಂಡಿಗೆ ನುಗ್ಗಿದಾಗ ಕ್ರೈಸ್ತ ನಾಯಕನೊಬ್ಬ ಕೈಕಟ್ಟಿ ಕೂರಬೇಕಿತ್ತು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಹಾಗಂತ ನ್ಯಾಯವಾದ ಯುದ್ಧದಲ್ಲೂ ಎಲ್ಲ ಮಾಡಬಹುದು ಅಂತಲ್ಲ. ಎರಡನೇ ಮಹಾಯುದ್ಧದ ಕೊನೆಗೆ ಅಮೆರಿಕದ ಅಧ್ಯಕ್ಷರಾಗಿದ್ದ ಟ್ರೂಮನ್ ಬ್ಯಾಪ್ಟಿಸ್ಟ್. 1945ರ ಆಗಸ್ಟ್ 9ರ ರೇಡಿಯೋ ಭಾಷಣದಲ್ಲಿ, ಅಣುಬಾಂಬ್ ವೈರಿಗಳಿಗೆ ಸಿಗದೆ ನಮಗೆ ಸಿಕ್ಕಿದ್ದಕ್ಕೆ ದೇವರಿಗೆ ಕೃತಜ್ಞತೆ ಹೇಳಿದರು, ಅದನ್ನು ದೇವರ ಇಚ್ಛೆಯಂತೆ ಬಳಸಲು ದಾರಿ ತೋರಲಿ ಎಂದು ಪ್ರಾರ್ಥಿಸಿದರು. ಅವತ್ತೇ ನಾಗಾಸಾಕಿಯಲ್ಲಿ ಬಾಂಬ್ ಸಿಡಿದಿತ್ತು, ಉರಕಾಮಿ ಕ್ಯಾಥೆಡ್ರಲ್‌ಗೆ ಅರ್ಧ ಕಿಲೋಮೀಟರ್ ದೂರದಲ್ಲಿ. ಆಗಸ್ಟ್ 15ರ ಮರಿಯಮ್ಮನವರ ಹಬ್ಬಕ್ಕೆ ಸಿದ್ಧರಾಗಲು ಪಾಪನಿವೇದನೆಗೆ ಬಂದಿದ್ದ ಜನ, ಕೇಳುತ್ತಿದ್ದ ಪಾದ್ರಿಗಳು, ಎಲ್ಲರೂ ಅಲ್ಲೇ ಸತ್ತರು. ಆ ಧರ್ಮಕೇಂದ್ರದ ಸುಮಾರು 12,000 ಜನರಲ್ಲಿ 8,500 ಮಂದಿ ಹೋದರು ಎಂಬ ಲೆಕ್ಕವಿದೆ. 1956ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಟ್ರೂಮನ್‌ಗೆ ಗೌರವ ಪದವಿ ಕೊಡಲು ಹೊರಟಾಗ ಕ್ಯಾಥೋಲಿಕ್ ತತ್ವಶಾಸ್ತ್ರಜ್ಞೆ ಎಲಿಜಬೆತ್ ಆ್ಯನ್ಸ್‌ಕೋಂಬ್ ಎದ್ದು ನಿಂತು ವಿರೋಧಿಸಿದರು. ಗೆಲ್ಲುವುದಕ್ಕಾಗಿ ಏನೂ ತಪ್ಪು ಮಾಡದವರನ್ನು ಬೇಕೆಂದೇ ಕೊಲ್ಲುವುದು ಕೊಲೆಯೇ, ಯಾವ ಕಡೆಯವರು ಮಾಡಿದರೂ ಕೊಲೆಯೇ ಅನ್ನುವುದು ಅವರ ವಾದ. ಇದಕ್ಕೆ ಒಪ್ಪುವಂಥ ಉತ್ತರವನ್ನು ನಾನು ಇವತ್ತಿನವರೆಗೂ ಓದಿಲ್ಲ.

ಸಭೆಯ ಮಾತು ಕೇಳಿದರೆ ಸಾಕಾ ಎಂದು ನೀವು ಕೇಳಬಹುದು. ಸಾಲದು. 2022ರಲ್ಲಿ ಉಕ್ರೇನ್ ಮೇಲೆ ರಷ್ಯಾ ದಾಳಿ ಮಾಡಿದಾಗ ರಷ್ಯನ್ ಆರ್ಥಡಾಕ್ಸ್ ಸಭೆಯ ಮುಖ್ಯಸ್ಥ, ಮಾಸ್ಕೋದ ಪಿತೃಪ್ರಧಾನ ಕಿರಿಲ್ ಅದನ್ನು ಬೆಂಬಲಿಸಿದರು, ಕರ್ತವ್ಯ ಮಾಡುತ್ತಾ ಸಾಯುವ ಸೈನಿಕನ ಪಾಪಗಳೆಲ್ಲ ತೊಳೆದುಹೋಗುತ್ತವೆ ಎಂದು ಅದೇ ಸೆಪ್ಟೆಂಬರ್‌ನಲ್ಲಿ ಬೋಧಿಸಿದರು. ಅದಕ್ಕೆ ವಿರುದ್ಧವಾಗಿ, ಯುದ್ಧ ನಿಲ್ಲಿಸಿ ಎಂದು ಸುಮಾರು ಮುನ್ನೂರು ರಷ್ಯನ್ ಪಾದ್ರಿಗಳು ಬಹಿರಂಗ ಪತ್ರಕ್ಕೆ ಸಹಿ ಹಾಕಿದ್ದರು, ಹಾಕಿದರೆ ಏನಾಗುತ್ತದೆ ಎಂದು ಗೊತ್ತಿದ್ದೂ. ನಾಯಕನಿಗೆ ಬೇಕಾದ್ದನ್ನೇ ಹೇಳುವ ಪೀಠ ಅವನನ್ನು ತಡೆಯುವುದು ಹೇಗೆ? ಆಗ ಆಂಬ್ರೋಸನ ಕೆಲಸ ಆ ಮುನ್ನೂರು ಜನರದ್ದಾಗುತ್ತದೆ.

ನಿಮ್ಮ ಕೂಟದಲ್ಲಿ ಈ ಚರ್ಚೆ ಮುಂದುವರಿಸುವುದಾದರೆ ಒಂದು ಸಲಹೆ ಕೊಡುತ್ತೇನೆ. ‘ಕ್ರೈಸ್ತ ಯುದ್ಧ ಮಾಡಬಹುದಾ’ ಅಂತ ಗಾಳಿಯಲ್ಲಿ ವಾದ ಮಾಡಬೇಡಿ. ಒಂದೇ ಒಂದು ಯುದ್ಧ ತೆಗೆದುಕೊಳ್ಳಿ, ಅದು ಶುರುವಾಗುವ ಹಿಂದಿನ ವಾರ ಯಾರಿಗೆ ಏನು ಗೊತ್ತಿತ್ತು ಅನ್ನುವುದನ್ನು ಮಾತ್ರ ಮುಂದಿಟ್ಟುಕೊಳ್ಳಿ, ಆಮೇಲೆ ಗೊತ್ತಾದದ್ದನ್ನು ಸೇರಿಸಬೇಡಿ. ರೋಮಾಪುರದ ಪತ್ರದ 12ನೇ ಅಧ್ಯಾಯದ 17ನೇ ವಚನದಿಂದ 13ರ 7ರವರೆಗೆ ನಿಲ್ಲಿಸದೆ ಜೋರಾಗಿ ಓದಿಸಿ. ಆಮೇಲೆ ನಾಲ್ಕು ಷರತ್ತುಗಳನ್ನು ಬೋರ್ಡ್ ಮೇಲೆ ಬರೆದು, ಆ ನಾಯಕನಿಗೆ ‘ಬೇಡ’ ಎಂದವರು ಯಾರು, ಅವನು ಅವರಿಗೆ ಏನು ಉತ್ತರ ಕೊಟ್ಟ ಎಂದು ಹುಡುಕಿ. ಇರಾಕ್‌ನಿಂದಲೇ ಶುರು ಮಾಡುವುದು ಸುಲಭ, ದಾಖಲೆಗಳೆಲ್ಲ ಸಿಗುತ್ತವೆ. ‘ನಾಟಕ’ ಎಂದ ಗೆಳೆಯರಿಗೆ ಬುಷ್ ಪರವಾಗಿ ವಾದ ಮಾಡಲು ಹೇಳಿ, ಪೌಲನ ಮಾತು ಹೇಳಿದವರಿಗೆ ಕಾರ್ಡಿನಲ್ ಲಾಗಿ ಪರವಾಗಿ. ಏನಾಯಿತು ಅಂತ ಬರೆಯಿರಿ, ನನಗೂ ತಿಳಿಯುವ ಆಸೆ ಇದೆ.